ಎರಡು ಇಲಾಖೆ, ಒಂದೇ ಉಗ್ರಾಣ

ಇಂಗ್ಲೆಂಡಿನಲ್ಲಿ ನಾನು ಆಕ್ಯುಪೇಶನಲ್ ಥೆರಪಿಸ್ಟ್. ಸಂಬಳ ಕೊಡುವುದು ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ. ಆದರೆ ಫೋನು ಬರುವುದು ಹೆಚ್ಚಾಗಿ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆಯ, ಆಸ್ಪತ್ರೆ ವಾರ್ಡುಗಳಿಂದ. ಸೊಂಟದ ಮೂಳೆ ಮುರಿದವರು, ಪಾರ್ಶ್ವವಾಯು ಹೊಡೆದವರು, ಪಾರ್ಕಿನ್‌ಸನ್ ಕಾಯಿಲೆಯವರು ಮನೆಗೆ ಮರಳಿ ಆದಷ್ಟು ತಮ್ಮ ಕೆಲಸ ತಾವೇ ಮಾಡಿಕೊಳ್ಳಲು ಯಾವ ಯಾವ ಸಲಕರಣೆ ಬೇಕೆಂದು ನೋಡಿ ಬರೆದುಕೊಡುವುದು ನನ್ನ ಕೆಲಸ. ಊರಿಗೆ ಹೋದಾಗ ಯಾರಾದರೂ ಕೇಳಿದರೆ 'ಕಮೋಡ್ ಕುರ್ಚಿ, ವಾಕರ್ ಹಂಚುತ್ತೇನೆ' ಎಂದುಬಿಡುತ್ತೇನೆ. ಅದು ಅರ್ಧ ನಿಜ.

ಈ ಸಲಕರಣೆಗಳಿಗೆ ಹಣ ಹಾಕುವವರು ಇಬ್ಬರು. ಚಿಕಿತ್ಸೆ, ಶುಶ್ರೂಷೆ ಎನ್‌ಎಚ್‌ಎಸ್‌ನ ಪಾಲು. ಮನೆಯೊಳಗಿನ ಸ್ನಾನ, ಊಟ, ಓಡಾಟಕ್ಕೆ ನೆರವಾಗುವುದು ಕೌನ್ಸಿಲ್‌ನ ಪಾಲು. ಈ ಗೆರೆ ಕಾಗದದ ಮೇಲೆ ನೇರವಾಗಿದೆ, ಬಚ್ಚಲುಮನೆಗೆ ಬಂದರೆ ಅಳಿಸಿಹೋಗುತ್ತದೆ. ರೋಗಿಯ ಸ್ನಾನ ಆರೋಗ್ಯದ ಕಾರಣಕ್ಕೋ, ಬರೀ ಮೈ ತೊಳೆಯುವುದಕ್ಕೋ ಎಂದು ಎರಡು ಇಲಾಖೆಗಳು ವಾದಿಸುತ್ತಿದ್ದ ಕಾಲವನ್ನು ಹಿರಿಯ ಸಹೋದ್ಯೋಗಿಗಳು ಈಗಲೂ ನಗುತ್ತಾ ನೆನೆಯುತ್ತಾರೆ. ಅಷ್ಟರಲ್ಲಿ ರೋಗಿ ಸ್ನಾನವಿಲ್ಲದೆ ಕೂತಿರುತ್ತಿದ್ದ. 1999ರ ಆರೋಗ್ಯ ಕಾಯ್ದೆ ಇಬ್ಬರೂ ಹಣವನ್ನು ಒಂದೇ ಗಂಟಿಗೆ ಹಾಕಲು ದಾರಿ ಮಾಡಿಕೊಟ್ಟಿತು. 2001ರಲ್ಲಿ ಸರ್ಕಾರವೇ ಮುಂದೆ ನಿಂತು, ಸಲಕರಣೆ ಸೇವೆಗಳನ್ನು ಒಂದುಗೂಡಿಸಿ ಎಂದು ಹೇಳಿತು. ಈಗ ನಾವು ನಡೆಯುವುದು 2006ರ ಎನ್‌ಎಚ್‌ಎಸ್ ಕಾಯ್ದೆಯ 75ನೇ ಕಲಮಿನ ಒಪ್ಪಂದದ ಮೇಲೆ.

ಇದರಿಂದ ನನಗೇನು ಅನುಕೂಲ? ಪ್ರತಿ ಥೆರಪಿಸ್ಟ್‌ಗೆ, ಮನೆಮನೆಗೆ ಹೋಗುವ ನರ್ಸ್‌ಗೆ ಸಲಕರಣೆ ತರಿಸಲು ಒಂದೊಂದು ಪಿನ್ ಸಂಖ್ಯೆ ಇರುತ್ತದೆ. ಕಂಪ್ಯೂಟರಿನಲ್ಲಿ ಒಂದೇ ಪಟ್ಟಿ, ಒಂದೇ ಉಗ್ರಾಣ, ಒಂದೇ ವ್ಯಾನು. ಹಾಸಿಗೆ ಹುಣ್ಣಿನ ಭಯವಿರುವವರಿಗೆ ನರ್ಸ್ ಬರೆದ ಗಾಳಿ ಹಾಸಿಗೆಯೂ ನಾನು ಬರೆದ ಕಮೋಡ್ ಕುರ್ಚಿಯೂ ಒಟ್ಟಿಗೇ ಮನೆ ಸೇರುತ್ತವೆ. ಬಿಲ್ಲಿನಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಲೆಕ್ಕದವರು ಆಮೇಲೆ ನೋಡಿಕೊಳ್ಳುತ್ತಾರೆ. ಶುಕ್ರವಾರ ಮಧ್ಯಾಹ್ನ ವಾರ್ಡಿನವರು 'ಇವತ್ತೇ ಮನೆಗೆ ಕಳುಹಿಸಬೇಕು, ಮಂಚವಿಲ್ಲ' ಎಂದಾಗ ಈ ವ್ಯವಸ್ಥೆಯ ಬೆಲೆ ಗೊತ್ತಾಗುತ್ತದೆ. ಹಾಗೆಂದು ಜಗಳ ಪೂರ್ತಿ ನಿಂತಿಲ್ಲ. ಹಾಸಿಗೆಯ ಪಕ್ಕದಿಂದ ಸಭಾಂಗಣಕ್ಕೆ ಸ್ಥಳಾಂತರಗೊಂಡಿದೆ. ಆರ್ಥಿಕ ವರ್ಷ ಮುಗಿಯುತ್ತ ಬಂದಂತೆ ದುಬಾರಿ ವಸ್ತುಗಳಿಗೆ ಮಂಜೂರಾತಿ ಬಿಗಿಯಾಗುತ್ತದೆ. ಆಗ 'ಇಲ್ಲದಿದ್ದರೆ ಈ ವ್ಯಕ್ತಿ ಮತ್ತೆ ಆಸ್ಪತ್ರೆಗೇ ಬರುತ್ತಾರೆ' ಎಂದು ನೇರವಾಗಿ ಬರೆಯುತ್ತೇನೆ. ಆ ವಾಕ್ಯ ಇಬ್ಬರ ಕಿವಿಗೂ ಬೀಳುತ್ತದೆ.

ಮನೆಯವರು ದುಡ್ಡು ಕೊಡಬೇಕಿಲ್ಲ. 2014ರ ಕೇರ್ ಆಕ್ಟ್ ಪ್ರಕಾರ ಅರ್ಹರಿಗೆ ಸಲಕರಣೆಗಳು ಉಚಿತ. 1000 ಪೌಂಡ್‌ವರೆಗಿನ ಸಣ್ಣ ಮಾರ್ಪಾಡುಗಳೂ, ಅಂದರೆ ಗೋಡೆಗೆ ಹಿಡಿಕಂಬಿ, ಮೆಟ್ಟಿಲಿಗೆ ಇನ್ನೊಂದು ಕಟಾಂಜನ, ಇಂಥವೂ ಉಚಿತ. ಬಚ್ಚಲನ್ನೇ ಒಡೆದು ಕಟ್ಟಬೇಕಾದರೆ ಬೇರೆ ಅನುದಾನ, ಬೇರೆ ಅರ್ಜಿ, ಬೇರೆ ಕಾಯುವಿಕೆ.

ಇನ್ನು ನಿಜವಾದ ಕೆಲಸ: ಅಳತೆ. ಕುರ್ಚಿಯ ಎತ್ತರ ತಿಳಿಯಲು ಕುರ್ಚಿಯನ್ನಲ್ಲ, ಮೊದಲು ಕಾಲನ್ನು ಅಳೆಯಬೇಕು: ಮನೆಯಲ್ಲಿ ಹಾಕುವ ಚಪ್ಪಲಿಯನ್ನೇ ಹಾಕಿಸಿ, ಮಂಡಿಯ ಹಿಂಬದಿಯ ಮಡಿಕೆಯಿಂದ ನೆಲದವರೆಗೆ. ಆಮೇಲೆ ಸೋಫಾ. ಅದನ್ನೂ ಅವರು ಕೂತಿರುವಾಗಲೇ ಅಳೆಯುತ್ತೇನೆ, ಏಕೆಂದರೆ ಹಳೆಯ ಮೆತ್ತೆ ಮೂರು ನಾಲ್ಕು ಅಂಗುಲ ಕುಗ್ಗಿಬಿಡುತ್ತದೆ. ತಗ್ಗಾದರೆ ಏಳಲಾಗುವುದಿಲ್ಲ, ಎತ್ತರವಾದರೆ ಪಾದ ನೆಲಕ್ಕೆ ತಾಗದೆ ಜಾರುತ್ತಾ ಮುಂದೆ ಬರುತ್ತಾರೆ. ವಾರ್ಡಿನಲ್ಲಿ ಕೂತು ಅಂದಾಜಿಗೆ ಬರೆದ ಚೀಟಿಗಳನ್ನು ನಾನು ನಂಬುವುದಿಲ್ಲ. ಆಸ್ಪತ್ರೆಯ ಮಂಚ ಬೇಕಾದಷ್ಟು ಏರುತ್ತದೆ, ಇಳಿಯುತ್ತದೆ. ಮನೆಯ ಮಂಚ ಏರುವುದಿಲ್ಲ.

ಅಂಥದೊಂದು ಚೀಟಿ ಹಿಡಿದು ಗುಜರಾತಿ ಅಜ್ಜಿಯೊಬ್ಬರ ಮನೆಗೆ ಹೋಗಿದ್ದೆ. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯನ್ನರನ್ನು ಹೊರಹಾಕಿದಾಗ ಬಂದು ನೆಲೆಸಿದ ಕುಟುಂಬ. ಚೀಟಿಯಲ್ಲಿ ಇದ್ದದ್ದು ಎರಡು: ಸ್ನಾನದ ಟಬ್ಬಿನ ಮೇಲೆ ಅಡ್ಡ ಹಾಕುವ ಹಲಗೆ, ಮತ್ತು ಕಮೋಡಿನ ಸೀಟಿನ ಮೇಲೆ ಕೂರಿಸುವ ನಾಲ್ಕು ಅಂಗುಲದ ಎತ್ತರದ ಸೀಟು. ಎರಡೂ ಪುಸ್ತಕದ ಪ್ರಕಾರ ಸರಿ. ಅಜ್ಜಿ ಹಿಂದಿಯಲ್ಲಿ ಕೇಳಿದರು, 'ಬೇಟಾ, ಬಾಲ್ದಿ ಎಲ್ಲಿಡಲಿ?' ಅವರ ಸ್ನಾನವೆಂದರೆ ಬಕೆಟ್ ಮತ್ತು ಚೊಂಬು. ಟಬ್ಬಿನೊಳಗೆ ಸಣ್ಣ ಮಣೆ ಹಾಕಿಕೊಂಡು ಕೂರುತ್ತಿದ್ದರು. ಷವರ್ ಪೈಪನ್ನು ಮುಟ್ಟುವವರಲ್ಲ. ಹಲಗೆಯ ಮೇಲೆ ಕೂತರೆ ಬಕೆಟ್ ಪಾದದ ಬಳಿ, ಬಗ್ಗಿದರೆ ಮುಗ್ಗರಿಸುವುದು ಖಚಿತ. ಎತ್ತರದ ಸೀಟಿನದು ಇನ್ನೊಂದು ತೊಂದರೆ: ಪ್ಲಾಸ್ಟಿಕ್ಕಿನ ಅಂಚು ಒಳಗಿಳಿದಿರುವುದರಿಂದ ನೀರು ಬಳಸಲು ಕೈ ಹೋಗುವುದಿಲ್ಲ. ಇದನ್ನು ಅಜ್ಜಿ ನನಗೆ ಹೇಳಲಿಲ್ಲ. ಸೊಸೆಯನ್ನು ಅಡುಗೆಮನೆಗೆ ಕರೆದು ಹೇಳಿದರು, ಸೊಸೆ ನನಗೆ ಹೇಳಿದರು.

ಚೀಟಿಯಲ್ಲಿ ಸೀಟನ್ನು ಹೊಡೆದುಹಾಕಿ, ಈಗಿರುವ ಕಮೋಡಿನ ಎರಡೂ ಬದಿ ಊರಿಕೊಂಡು ಏಳಲು ಕೈಗಳಿರುವ ಚೌಕಟ್ಟು ಬರೆದೆ. ಟಬ್ಬಿನ ಅಂಚು ಎರಡೂ ಕಡೆ ಗಟ್ಟಿಯಾಗಿತ್ತು, ಹಲಗೆ ಕೂರುವಷ್ಟು ಅಗಲವೂ ಇತ್ತು, ಹಾಗಾಗಿ ಹಲಗೆ ಉಳಿಯಿತು. ಬಕೆಟ್ಟನ್ನು ಟಬ್ಬಿನೊಳಗೆ ರಬ್ಬರ್ ಕಾಲಿನ ಸ್ಟೂಲಿನ ಮೇಲೆ, ಅಜ್ಜಿಯ ಮಂಡಿಯ ಮಟ್ಟಕ್ಕೆ ಇಡಿಸಿದೆ. ಅರ್ಧ ಬಕೆಟ್ ಮಾತ್ರ, ತುಂಬುವುದು ಸೊಸೆ. ಗೋಡೆಗೆ ನೆಟ್ಟಗೆ ಒಂದು ಹಿಡಿಕಂಬಿ. ಚೊಂಬಿನ ವಿಷಯವನ್ನೂ ಕಡತದಲ್ಲಿ ಬರೆದಿಟ್ಟೆ, ಮುಂದೆ ಬರುವ ಆರೈಕೆಯವರು ಷವರ್ ತಿರುಗಿಸಿ ಅಜ್ಜಿಯನ್ನು ಹೆದರಿಸದಿರಲೆಂದು.

ಜನ ಗಮನಿಸದ ಇನ್ನೊಂದು ಭಾಗವೆಂದರೆ ವಾಪಸಾತಿ. ಇವೆಲ್ಲ ಕೊಟ್ಟದ್ದಲ್ಲ, ಎರವಲು. ಬೇಡವಾದಾಗ ಫೋನು ಮಾಡಿದರೆ ವ್ಯಾನು ಬಂದು ಒಯ್ಯುತ್ತದೆ. ಉಗ್ರಾಣದಲ್ಲಿ ತೊಳೆದು, ಸೋಂಕು ತೆಗೆದು, ತಪಾಸಿಸಿ ಮತ್ತೊಬ್ಬರ ಮನೆಗೆ ಕಳುಹಿಸುತ್ತಾರೆ. ಆದರೂ ಎಷ್ಟೋ ವಾಕರ್‌ಗಳು ಹಿತ್ತಲಿನ ಶೆಡ್ಡಿನಲ್ಲಿ ಹೂಕುಂಡಗಳ ಜೊತೆ ಕೂತಿರುತ್ತವೆ. ಮನುಷ್ಯರನ್ನು ಎತ್ತುವ ಹಾಯ್ಸ್ಟ್ ಮಾತ್ರ ಹಾಗೆ ಮರೆಯಾಗುವಂತಿಲ್ಲ: 1998ರ ನಿಯಮದಂತೆ ಆರು ತಿಂಗಳಿಗೊಮ್ಮೆ ಅದನ್ನು ಪರೀಕ್ಷಿಸಬೇಕು.

ಒಂದೇ ಉಗ್ರಾಣಕ್ಕೆ ಅದರದೇ ಅಪಾಯವೂ ಇದೆ. 2025ರ ಆಗಸ್ಟ್‌ನಲ್ಲಿ ಹಲವು ಕೌನ್ಸಿಲ್‌ಗಳಿಗೆ ಸಲಕರಣೆ ಪೂರೈಸುತ್ತಿದ್ದ ದೊಡ್ಡ ಕಂಪನಿಯೊಂದು ದಿವಾಳಿಯಾಗಿ ಎಲ್ಲರೂ ಗಡಿಬಿಡಿಗೆ ಬಿದ್ದರು. ಹಣ ಒಟ್ಟುಗೂಡಲಿ, ಪೂರೈಕೆಯಲ್ಲಿ ಒಬ್ಬರನ್ನೇ ನೆಚ್ಚಬೇಡಿ ಎಂದು ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ ಸಲಕರಣೆ ಇಲ್ಲವೆಂದಲ್ಲ. ಅಂಗವಿಕಲರಿಗಾಗಿ ಇರುವ ಕೇಂದ್ರದ ಎಡಿಐಪಿ, ಹಿರಿಯರಿಗಾಗಿ ಇರುವ ವಯೋಶ್ರೀ ಯೋಜನೆಗಳ ಶಿಬಿರಗಳಲ್ಲಿ ವೀಲ್‌ಚೇರು, ಊರುಗೋಲು ಹಂಚುತ್ತಾರೆ. ಶಿಬಿರದಲ್ಲಿ ವ್ಯಕ್ತಿಯನ್ನು ನೋಡುತ್ತಾರೆ, ಅವರ ಮನೆಯ ಹೊಸ್ತಿಲನ್ನು ನೋಡುವವರಿಲ್ಲ. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ಕೈಗೆ ಒಂದು ಅಳತೆ ಟೇಪು, ಅಳೆಯುವ ತರಬೇತಿ ಕೊಟ್ಟರೆ ಅರ್ಧ ಕೆಲಸ ಆದಂತೆ.

ಅಲ್ಲಿಯವರೆಗೆ, ಅಪ್ಪ ಅಮ್ಮನಿಗೆ ಏನು ಕೊಳ್ಳಲಿ ಎಂದು ಕೇಳುವ ಸ್ನೇಹಿತರಿಗೆ ಅಂಗಡಿಗೆ ಹೋಗುವ ಮೊದಲು ಬಚ್ಚಲಿನ ಬಾಗಿಲು ಅಳೆಯಿರಿ ಎನ್ನುತ್ತೇನೆ. ನಮ್ಮ ಮನೆಗಳಲ್ಲಿ ಅದು ಉಳಿದ ಬಾಗಿಲುಗಳಿಗಿಂತ ಕಿರಿದು. ಎಷ್ಟೋ ವಾಕರ್‌ಗಳು ಅಲ್ಲೇ ಹೊರಗೆ ನಿಲ್ಲುತ್ತವೆ. ಗೋಡೆಗೆ ಅಂಟುವ ರಬ್ಬರ್ ಬಟ್ಟಲಿನ ಹಿಡಿಕೆ ಕೊಳ್ಳಬೇಡಿ, ಒದ್ದೆ ಟೈಲ್ಸಿನಿಂದ ಅದು ಕಳಚಿಕೊಳ್ಳುತ್ತದೆ. ಇಟ್ಟಿಗೆಯವರೆಗೆ ಕೊರೆದು ಬೋಲ್ಟ್ ಹಾಕಿಸಿ. ಹಾಕಿಸುವ ಮುಂಚೆ ಅಮ್ಮನನ್ನು ಅಲ್ಲಿ ನಿಲ್ಲಿಸಿ, ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ.