ಮೂರು ವರ್ಷದ ಮಗುವಿನ ಜೊತೆ ಕೊಡಗು: ನಾವು ಉಳಿದಿದ್ದು ಕುಶಾಲನಗರದಲ್ಲಿ

"ಕೊಡಗಿಗೆ ಹೋಗಿ ಕುಶಾಲನಗರದಲ್ಲಿ ರೂಮ್ ಮಾಡೋದಾ?" ಎಂದು ಕೇಳದವರಿಲ್ಲ. ಮಂಜು, ಕಣಿವೆ ಎಲ್ಲ ಮಡಿಕೇರಿಯಲ್ಲಿ, ನಿಜ. ಆದರೆ ಅಲ್ಲಿ ಉಳಿದರೆ ಆನೆ ನೋಡಲೂ ಮಗುವನ್ನು ಘಾಟಿ ಇಳಿಸಬೇಕು, ಊಟಕ್ಕೆ ಮತ್ತೆ ಹತ್ತಿಸಬೇಕು. ಕುಶಾಲನಗರ ಸುಮಾರು 830 ಮೀಟರ್, ಮಡಿಕೇರಿ 1,150ರ ಆಸುಪಾಸು. ನಡುವೆ 30 ಕಿ.ಮೀ. ಸುಂಟಿಕೊಪ್ಪ ದಾಟಿದ ಮೇಲಿನ ತಿರುವುಗಳಲ್ಲೇ ವಾಂತಿ ಶುರುವಾಗುವುದು. ಅದಕ್ಕೇ ಕೆಳಗೆ ಠಿಕಾಣಿ, ಮೇಲಕ್ಕೆ ಒಂದೇ ಒಂದು ಸಲ. ಅನುಮಾನ ಪಟ್ಟವರೇ ಈಗ ರೂಟ್ ಕೇಳುತ್ತಿದ್ದಾರೆ.

ಬೆಂಗಳೂರಿನಿಂದ ಹೊರಡುವುದು ಬೆಳಗಿನ ಜಾವ 5ಕ್ಕೆ. ಹಿಂದಿನ ರಾತ್ರಿಯೇ ಪ್ರಯಾಣದ ಬಟ್ಟೆ ತೊಡಿಸಿ ಮಲಗಿಸಿ, ಎಬ್ಬಿಸದೆ ಹಾಗೇ ಎತ್ತಿ ಸೀಟಿಗೆ ಕಟ್ಟಬೇಕು. ಮೈಸೂರು ಎಕ್ಸ್‌ಪ್ರೆಸ್‌ವೇ ಪೂರ್ತಿ ನಿದ್ದೆಯಲ್ಲೇ ಕಳೆಯುತ್ತದೆ. ಹೋಟೆಲುಗಳೆಲ್ಲ ಸರ್ವೀಸ್ ರಸ್ತೆಯಲ್ಲಿ, ಒಮ್ಮೆ ಮೇಲೇರಿದರೆ ಬೇಕೆಂದಲ್ಲಿ ಇಳಿಯಲಾಗದು. ಮಗು ಎದ್ದು "ಸೂಸು" ಎಂದರೆ ಡಿಕ್ಕಿಯಲ್ಲಿರುವ ಪ್ಲಾಸ್ಟಿಕ್ ಪಾಟಿಯೇ ಗತಿ. ಸಾಮಾನಿನ ಅಡಿಯಲ್ಲಲ್ಲ, ಮೇಲೆಯೇ ಇರಲಿ. ಶ್ರೀರಂಗಪಟ್ಟಣ ದಾಟಿ ಪಂಪ್‌ಹೌಸ್ ಕಡೆಯಿಂದ ಇಲವಾಲಕ್ಕೆ ಬಿದ್ದರೆ ಮೈಸೂರಿನ ಸಿಗ್ನಲ್‌ಗಳು ತಪ್ಪುತ್ತವೆ. ಹುಣಸೂರಿಗೆ ಮುಂಚೆ ಶೌಚಾಲಯ ಕನ್ನಡಿಯಂತಿರುವ, ಬಿಸಿ ಇಡ್ಲಿ ಸಿಗುವ ಚಿಕ್ಕ ಜಾಗವೊಂದಿದೆ. ಅದರ ಹೆಸರು ಮಾತ್ರ ಬಿಟ್ಟುಕೊಡುವುದಿಲ್ಲ. ಶನಿವಾರದ ಜನ ತುಂಬಿಕೊಂಡರೆ ಆ ಜಾಗವೂ ಮುಗಿಯಿತು.

ಹತ್ತು ಗಂಟೆಯೊಳಗೆ ಕುಶಾಲನಗರ. ಪ್ಲಾನ್ ಹೆಚ್ಚಾಗಿ ಕೆಡುವುದು ಇಲ್ಲೇ: ಚೆಕ್‌ಇನ್ ಮಧ್ಯಾಹ್ನ 12ಕ್ಕೋ 1ಕ್ಕೋ, ಮಗುವಿಗೆ ನಿದ್ದೆ 12ಕ್ಕೆ. ಬುಕ್ ಮಾಡುವಾಗಲೇ ಫೋನಿನಲ್ಲಿ "ಹನ್ನೊಂದೂವರೆಗೆ ರೂಮ್ ಬೇಕು, ಮಗು ಇದೆ" ಎಂದು ಮಾತಾಡಿಕೊಳ್ಳಬೇಕು. ವಾರದ ದಿನವಾದರೆ ಯಾರೂ ಇಲ್ಲ ಅನ್ನುವುದಿಲ್ಲ. ಅಲ್ಲಿಯವರೆಗೆ ಕಾವೇರಿ ನಿಸರ್ಗಧಾಮ: ತೂಗುಸೇತುವೆ, ಬಿದಿರ ಮೆಳೆ, ಜಿಂಕೆ. ಮಗು ತಾನೇ ಓಡಿ ಸುಸ್ತಾಗುತ್ತದೆ.

ಹೋಮ್‌ಸ್ಟೇಗೆ ಕೇಳಲೇಬೇಕಾದ ಪ್ರಶ್ನೆ: ಬಿಸಿನೀರು ಗೀಸರ್‌ನದೋ ಸೋಲಾರ್‌ನದೋ? ಮಳೆ ಮೋಡದಲ್ಲಿ ಸೋಲಾರ್ ನಂಬಿದರೆ ಮಗುವಿನ ಸ್ನಾನ ತಣ್ಣೀರಲ್ಲೇ. ಈಜುಕೊಳ ಇದ್ದರೆ ಸುತ್ತ ಬೇಲಿ ಇದೆಯೋ ಎಂದೂ ಕೇಳಿ, ಫೋಟೋ ತರಿಸಿಕೊಳ್ಳಿ. ಬೇಲಿಯಿಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ದುಬಾರೆ ಆನೆ ಶಿಬಿರಕ್ಕೆ ಬೆಳಿಗ್ಗೆಯೇ ಹೋಗಬೇಕು, ಆನೆಗಳಿಗೆ ಸ್ನಾನ ಮಾಡಿಸುವುದು ಆ ಹೊತ್ತಿನಲ್ಲೇ. ಎಂಟೂವರೆಗೆ ಕಡವಿನಲ್ಲಿದ್ದರೆ ದೋಣಿಯ ಸಾಲು ಚಿಕ್ಕದು. ಹೊಳೆ ಏರಿದರೆ ದೋಣಿಯೇ ನಿಲ್ಲುತ್ತದೆ, ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ದುಬಾರೆಯನ್ನು ನೆಚ್ಚಿಕೊಳ್ಳಬಾರದು. ಆಗ ಜಿಗಣೆಯ ಕಾಟ ಬೇರೆ. ಬೈಲಕುಪ್ಪೆಯ ಟಿಬೆಟನ್ನರ ಸ್ವರ್ಣಮಂದಿರ ಸಂಜೆಗೆ. ಬಯಲು ದೊಡ್ಡದು, ಒಳಗೆ ಎತ್ತರದ ಮೂರು ಚಿನ್ನದ ಬಣ್ಣದ ಮೂರ್ತಿಗಳು. ಪ್ರಾರ್ಥನೆಯ ನಗಾರಿ, ಕಹಳೆಗೆ ಕೆಲವು ಮಕ್ಕಳು ಬೆಚ್ಚುತ್ತವೆ, ಮೊದಲು ಬಾಗಿಲಲ್ಲೇ ನಿಂತು ಕೇಳಿಸಿ. ಹೊರಗೆ ಖಾರ ಹಾಕದ ತುಕ್ಪಾ (ಟಿಬೆಟನ್ ನೂಡಲ್ಸ್ ಸೂಪ್) ಕೇಳಿದರೆ ಮಾಡಿಕೊಡುತ್ತಾರೆ.

ಮಡಿಕೇರಿಯ ದಿನ ಬೆಳಿಗ್ಗೆ ಹಾಲು ಕೊಡಲೇಬಾರದು. ಒಂದು ಇಡ್ಲಿ, ಅರ್ಧ ಗಂಟೆ ಬಿಟ್ಟು ಹೊರಡುವುದು. ಮೊಬೈಲ್ ಕೊಡಬೇಡಿ: ಕಣ್ಣು ಪರದೆಯಲ್ಲಿ ಸ್ಥಿರ, ಮೈ ತಿರುವಿನಲ್ಲಿ ಓಲಾಡುತ್ತದೆ, ವಾಂತಿ ಅಲ್ಲೇ ಹುಟ್ಟುತ್ತದೆ. ಸೀಟ್ ತಗ್ಗಾಗಿದ್ದು ರಸ್ತೆ ಕಾಣದಿದ್ದರೂ ಅದೇ ಕಥೆ. ಹಿಂದಿನ ಸಾಲಿನ ಮಧ್ಯದಲ್ಲಿ ಸೀಟ್ ಕಟ್ಟಲು ಜಾಗವಿದ್ದರೆ ಮುಂದಿನ ಗಾಜು ನೇರ ಕಾಣುತ್ತದೆ. ಔಷಧಿ ಡಾಕ್ಟರ್ ಹೇಳಿದರೆ ಮಾತ್ರ. ನೋಡಲು ರಾಜಾಸೀಟ್ (ಕಣಿವೆ ಕಾಣುವ ಉದ್ಯಾನ) ಸಾಕು. ಅಬ್ಬಿ ಜಲಪಾತಕ್ಕೆ ಮೆಟ್ಟಿಲಿಳಿಯಬೇಕು, ವಾಪಸ್ ಬರುವಾಗ 13–14 ಕಿಲೋ ಮಗು ಹೆಗಲ ಮೇಲೆ. ಸ್ಟ್ರಾಲರ್ ಇಲ್ಲಿ ದಂಡದ ಭಾರ, ಬೆನ್ನಿಗೆ ಕಟ್ಟುವ ಕ್ಯಾರಿಯರ್ ತನ್ನಿ. ಮಾಂದಲಪಟ್ಟಿ ಜೀಪ್ ಕುಲುಕಾಟ ಈ ವಯಸ್ಸಿಗಲ್ಲ. ತಲಕಾವೇರಿ ಕುಶಾಲನಗರದಿಂದ ದೂರವಾಯಿತು, ಕೈಬಿಡಿ.

ಊಟದ ಪ್ರಯೋಗವೂ ನಡೆಯಿತು. ರೂಮಿನ ಕೆಟಲ್‌ನಲ್ಲಿ ಗಂಜಿ ಕುದಿಸುವ ಉಪಾಯ ಕೆಲಸಕ್ಕೆ ಬಾರದು, ಉಕ್ಕಿ ತಳ ಹಿಡಿಯುತ್ತದೆ. ಗೆದ್ದದ್ದು ಪುಡಿ: ನಾಲ್ಕು ಬಟ್ಟಲು ಅವಲಕ್ಕಿ ಗರಿಗರಿ ಹುರಿದು, ಒಂದು ಬಟ್ಟಲು ಹುರಿಗಡಲೆ, ಎರಡು ಏಲಕ್ಕಿ ಸೇರಿಸಿ ನುಣ್ಣಗೆ ಬೀಸಿಡಿ. ಮೂರು ಚಮಚ ಪುಡಿಗೆ ಮುಕ್ಕಾಲು ಲೋಟ ಬಿಸಿನೀರು, ಮೇಲೆ ತುಪ್ಪ, ಬೆಲ್ಲ. ಎರಡು ನಿಮಿಷ ಮುಚ್ಚಿಟ್ಟರೆ ಮಕ್ಕಳ ಊಟ ಸಿದ್ಧ. ಅದರಲ್ಲಿ ಹಾಕುವ ಇನ್ನೊಂದು ಸಾಮಾನು ನಮ್ಮ ಮನೆಯ ಗುಟ್ಟು.

ಖರ್ಚು ಮೂರು ರಾತ್ರಿಗೆ, ನೆನಪಿದ್ದಂತೆ: ರೂಮ್ 9,000, ಸುತ್ತಾಟ ಸೇರಿ ಸುಮಾರು 600 ಕಿ.ಮೀ.ಗೆ ಪೆಟ್ರೋಲ್ 4,100, ಟೋಲ್ ಎರಡೂ ಕಡೆ 700ರಷ್ಟು, ಊಟ 4,500, ಟಿಕೆಟ್ ದೋಣಿ ಇತ್ಯಾದಿ 1,500. ಒಟ್ಟು 20,000ದ ಒಳಗೆ. ಮಡಿಕೇರಿಯ ರೆಸಾರ್ಟಿನವರು ಎರಡೇ ರಾತ್ರಿಗೆ ಕೇಳಿದ್ದು 30,000. ದಸರಾ, ಲಾಂಗ್ ವೀಕೆಂಡ್‌ನಲ್ಲಿ ರೂಮ್ ಬೆಲೆ ದುಪ್ಪಟ್ಟಾಗುತ್ತದೆ, ಆಗ ಈ ಲೆಕ್ಕ ನಿಲ್ಲದು.

ವಾಪಸ್ ಹೊರಡುವುದು ಮಧ್ಯಾಹ್ನದ ನಿದ್ದೆಯ ಹೊತ್ತಿಗೆ, ಊಟ ಮಾಡಿಸಿ ಹನ್ನೆರಡೂವರೆಗೆ. ಭಾನುವಾರ ಸಂಜೆ ಮಾತ್ರ ಬೇಡ, ಕೆಂಗೇರಿ ಜಾಮ್‌ನಲ್ಲಿ ಮಗು ಎದ್ದುಬಿಡುತ್ತದೆ.