ಹದಿನಾಲ್ಕರ ಜಾಗದಲ್ಲಿ ಹದಿನೈದು

ನನ್ನ 150 ಸಿಸಿ ಬೈಕಿಗೆ ಇರುವುದು ಐದೇ ಗೇರು. ಹೆದ್ದಾರಿಯಲ್ಲಿ ಮೀಟರ್ 80 ತೋರಿಸುವ ಹೊತ್ತಿಗೆ ಎಂಜಿನ್ 7000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಮುಟ್ಟಿರುತ್ತದೆ. ಹ್ಯಾಂಡಲ್ಲಿನಲ್ಲಿ ಸಣ್ಣ ನಡುಕ, ಒಂದು ಗಂಟೆ ಓಡಿಸಿದರೆ ಬೆರಳೆಲ್ಲ ಜೋಮು. ಇಲ್ಲದ ಆರನೇ ಗೇರಿಗೆ ಎಡಗಾಲು ತಾನಾಗಿಯೇ ತಡಕಾಡುತ್ತಿತ್ತು. ಗೇರ್‌ಬಾಕ್ಸಿಗೆ ಕೈ ಹಾಕುವ ಧೈರ್ಯವಾಗಲಿ ದುಡ್ಡಾಗಲಿ ನನ್ನಲ್ಲಿರಲಿಲ್ಲ. ಆದರೆ ಎಲ್ಲ ಗೇರುಗಳಿಗೂ ಕೊನೆಯಲ್ಲಿ ಸೇರಿಕೊಳ್ಳುವ ಒಂದು ಜೋಡಿ ಹೊರಗೇ ಇದೆಯಲ್ಲ, ಚೈನ್ ಸ್ಪ್ರಾಕೆಟ್: ಚೈನ್ ಸುತ್ತಿಕೊಳ್ಳುವ ಹಲ್ಲಿನ ಚಕ್ರಗಳು, ಎಂಜಿನ್ ಕಡೆ ಒಂದು, ಹಿಂದಿನ ಚಕ್ರಕ್ಕೆ ಒಂದು. ಅದನ್ನೇ ಬದಲಿಸೋಣ ಅಂದುಕೊಂಡೆ.

ಲೆಕ್ಕ ಸುಲಭ. ಮುಂದೆ 14 ಹಲ್ಲು, ಹಿಂದೆ 42. ಭಾಗಿಸಿದರೆ 3, ಅಂದರೆ ಮುಂದಿನ ಸ್ಪ್ರಾಕೆಟ್ ಮೂರು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಮುಂದೆ 15 ಹಾಕಿದರೆ ಇದು 2.8 ಆಗುತ್ತದೆ, ಅದೇ ವೇಗಕ್ಕೆ ಎಂಜಿನ್ ಶೇ. 6.7ರಷ್ಟು ಕಡಿಮೆ ಸುತ್ತಿದರೆ ಸಾಕು. ಹಿಂದಿನ ಸ್ಪ್ರಾಕೆಟ್ಟಿನಿಂದ ಇದೇ ಕೆಲಸ ಮಾಡಿಸಬೇಕೆಂದರೆ ಹೆಚ್ಚುಕಡಿಮೆ ಮೂರು ಹಲ್ಲು ಕಳೆಯಬೇಕು. ಮುಂದಿನದು ಅಗ್ಗ, ಬಿಚ್ಚುವುದೂ ಸುಲಭ. ಒಂದು ಹಲ್ಲಿನಿಂದ ಏನು ಮಹಾ ಆಗುತ್ತದೆ ಎಂಬ ಉಡಾಫೆಯೂ ಇತ್ತು ಅನ್ನಿ.

ಬಿಚ್ಚುವಾಗಲೇ ಮೊದಲ ಎಡವಟ್ಟು. ಉತ್ಸಾಹದಲ್ಲಿ ಚೈನ್ ಲಾಕ್, ಅಂದರೆ ಚೈನಿನ ಎರಡು ತುದಿ ಸೇರಿಸುವ ಕೊಂಡಿ, ತೆಗೆದು ಚೈನನ್ನು ಪಕ್ಕಕ್ಕಿಟ್ಟು, ಆಮೇಲೆ ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಬೋಲ್ಟಿನ ಜೊತೆ ಸ್ಪ್ರಾಕೆಟ್ಟೂ ತಿರುಗತೊಡಗಿತು. ಚೈನ್ ಮೈಮೇಲಿದ್ದಾಗ ಯಾರಾದರೂ ಹಿಂದಿನ ಬ್ರೇಕ್ ಒತ್ತಿ ಹಿಡಿದಿದ್ದರೆ ಅದು ಅಲುಗಾಡುತ್ತಲೇ ಇರಲಿಲ್ಲ. ಚೈನನ್ನು ಮತ್ತೆ ಜೋಡಿಸಿ, ಬ್ರೇಕ್ ಪೆಡಲ್ ಮೇಲೆ ಮಗನನ್ನು ನಿಲ್ಲಿಸಿ, ಬೋಲ್ಟ್ ಸಡಿಲಿಸಿ, ಮತ್ತೆ ಚೈನ್ ಬಿಚ್ಚಿದೆ. ಸ್ಪ್ರಾಕೆಟ್ ಮುಚ್ಚುವ ಕವರಿನ ಒಳಗೆ ಬೆರಳುದ್ದ ಕಪ್ಪು ಮೇಣದಂಥ ಜಿಡ್ಡು ಮೆತ್ತಿಕೊಂಡಿತ್ತು. ಸೀಮೆಎಣ್ಣೆ ಹಚ್ಚಿ ಕೆರೆಯುವುದಕ್ಕೇ ಅರ್ಧ ಗಂಟೆ ಹಿಡಿಯಿತು.

ದೊಡ್ಡ ಸ್ಪ್ರಾಕೆಟ್ ಕೂರಿಸುವಾಗ ಕವರಿಗೆ ಚೈನ್ ತಾಗುತ್ತದೆಯೇ ಎಂಬ ಭಯ. ನನ್ನ ಬೈಕಿನ 428 ಅಳತೆಯ ಚೈನಿನಲ್ಲಿ ಒಂದು ಕೊಂಡಿಯ ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ.; ಒಂದು ಹಲ್ಲು ಹೆಚ್ಚಾದರೆ ಸ್ಪ್ರಾಕೆಟ್ಟಿನ ತ್ರಿಜ್ಯ ಬರೀ 2 ಮಿ.ಮೀ. ಬೆಳೆಯುತ್ತದೆ. ಆದರೂ ಕೆಲವು ಬೈಕುಗಳಲ್ಲಿ ಅಷ್ಟು ಜಾಗವೂ ಇರುವುದಿಲ್ಲ. ಮಗನ ಆಟದ ಬಣ್ಣದ ಜೇಡಿಮಣ್ಣನ್ನು ತೆಳ್ಳಗೆ ತಟ್ಟಿ ಕವರಿನ ಒಳಗೋಡೆಗೆ ಅಂಟಿಸಿ, ಕವರ್ ಮುಚ್ಚಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದೆ. ತೆಗೆದು ನೋಡಿದರೆ ಹಸಿರು ಮಣ್ಣಿನ ಮೇಲೆ ಒಂದು ಗೀರೂ ಇಲ್ಲ. ಬಚಾವು.

ಚೈನ್ ಅದೇ, ಸ್ಪ್ರಾಕೆಟ್ ದೊಡ್ಡದು. ಹಾಗಾಗಿ ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಸುಮಾರು 3 ಮಿ.ಮೀ. ಮುಂದಕ್ಕೆ ಬರಬೇಕು. ನನ್ನ ಚೈನ್ ಹಳೆಯದು, ಸವೆದು ಉದ್ದವಾಗಿ ಆಕ್ಸಲ್ ಆಗಲೇ ಹಿಂದೆ ಸರಿದಿದ್ದರಿಂದ ಮುಂದೆ ಬರಲು ಜಾಗವಿತ್ತು. ಹೊಸ ಚೈನಿದ್ದು ಆಕ್ಸಲ್ ಮುಂತುದಿಯಲ್ಲೇ ಇರುವವರಿಗೆ ಚೈನ್ ಸಾಲುವುದೇ ಇಲ್ಲ. ಲಾಕಿನ ಕ್ಲಿಪ್ ಹಾಕುವಾಗ ಮುಚ್ಚಿದ ಮೂತಿ ಚೈನ್ ಓಡುವ ದಿಕ್ಕಿಗೆ, ಸೀಳಿದ ಬಾಲ ಹಿಂದಕ್ಕೆ. ಇದನ್ನು ಉಲ್ಟಾ ಹಾಕಿದವರ ಚೈನು ರಸ್ತೆಯಲ್ಲೇ ಕಳಚಿಕೊಂಡದ್ದನ್ನು ಕಂಡಿದ್ದೇನೆ. ಸಡಿಲ ನೋಡುವಾಗ ಚಕ್ರ ತಿರುಗಿಸುತ್ತ ಚೈನ್ ಎಲ್ಲಿ ತೀರಾ ಬಿಗಿಯಾಗುತ್ತದೋ ಅಲ್ಲಿ ನಿಲ್ಲಿಸಿ ಅಳೆಯಬೇಕು. ಎಷ್ಟಿರಬೇಕೆಂಬುದು ಬೈಕಿನ ಪುಸ್ತಕದಲ್ಲೇ ಇರುತ್ತದೆ.

ಇಷ್ಟೆಲ್ಲ ಮಾಡಿ ಹೆದ್ದಾರಿಗೆ ಹೋದೆ. ಐದನೇ ಗೇರು, ಮೀಟರಿನಲ್ಲಿ 80. ಆರ್‌ಪಿಎಂ ಎಷ್ಟು? 7000! ಅದೇ 7000. ಹಳೆಯ ಸ್ಪ್ರಾಕೆಟ್ಟನ್ನೇ ತಿರುಗಿ ಹಾಕಿಬಿಟ್ಟೆನೇ ಅಂತ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಟಾರ್ಚ್ ಬಿಟ್ಟು ಕವರಿನ ಸಂದಿಯಿಂದ ಹಲ್ಲು ಎಣಿಸಿದ್ದೂ ಆಯಿತು. ಹದಿನೈದೇ ಇತ್ತು.

ತಲೆಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಬೈಕಿನಲ್ಲಿ ವೇಗದ ಸೆನ್ಸರ್ ಚಕ್ರದಲ್ಲಿಲ್ಲ, ಗೇರ್‌ಬಾಕ್ಸಿನಲ್ಲಿದೆ. ಮುಂದಿನ ಸ್ಪ್ರಾಕೆಟ್ ಕೂತಿರುವ ಶಾಫ್ಟ್ ಎಷ್ಟು ಸುತ್ತಿತು ಎಂಬುದಷ್ಟೇ ಅದಕ್ಕೆ ಗೊತ್ತು. ಅಲ್ಲಿಂದಾಚೆ ನಾನು ಏನೇ ಬದಲಿಸಿದರೂ ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಮೀಟರ್ ಮತ್ತು ಆರ್‌ಪಿಎಂ ಸಯಾಮಿ ಅವಳಿಗಳಂತೆ ಒಟ್ಟಿಗೇ ಓಡುತ್ತವೆ. ಫೋನಿನ ಜಿಪಿಎಸ್ ಹಾಕಿ ನೋಡಿದಾಗ ಗುಟ್ಟು ಬಯಲಾಯಿತು. ಮೊದಲು ಮೀಟರಿನ 80ಕ್ಕೆ ನಿಜವಾದ ವೇಗ 75 ಇತ್ತು, ಈಗ 80. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು ಎಂಬ ನಿಯಮ ಅನೇಕ ದೇಶಗಳಲ್ಲಿರುವುದರಿಂದ ಮೀಟರುಗಳನ್ನು ತುಸು ಹೆಚ್ಚೇ ತೋರಿಸುವಂತೆ ಕೂರಿಸಿರುತ್ತಾರೆ. ಆ ಹೆಚ್ಚಳವನ್ನು ನನ್ನ ಒಂದು ಹಲ್ಲು ನುಂಗಿಹಾಕಿತ್ತು. ಹಳೆಯ ನಿಜವಾದ 75ಕ್ಕೆ ಈಗ ಎಂಜಿನ್ 6530ರ ಆಸುಪಾಸಿನಲ್ಲಿತ್ತು. ಕೈಯ ಜೋಮು ಪೂರ್ತಿ ಹೋಗಲಿಲ್ಲ, ಆದರೆ ಹ್ಯಾಂಡಲ್ಲಿನ ನಡುಕ ಮೆತ್ತಗಾಯಿತು. ಮುಂದಿನ ಚಕ್ರದಿಂದ ವೇಗ ಓದುವ ಬೈಕಿನವರಿಗೆ ಈ ತಲೆನೋವೇ ಇಲ್ಲ.

ಮೈಲೇಜಿನ ಕಥೆ ಇದಕ್ಕಿಂತ ಮಜಾ. ಮೊದಲು 45 ಕೊಡುತ್ತಿದ್ದ ಗಾಡಿ ಎರಡು ಟ್ಯಾಂಕಿನ ಲೆಕ್ಕದಲ್ಲಿ 43ಕ್ಕೆ ಇಳಿಯಿತು. ಆರ್‌ಪಿಎಂ ಇಳಿದರೆ ಪೆಟ್ರೋಲ್ ಉಳಿಯಬೇಕಲ್ಲವೇ ಅಂತ ಮುಖ ಸಪ್ಪಗೆ ಮಾಡಿಕೊಂಡಿದ್ದೆ. ಆದರೆ ಓಡೋಮೀಟರ್ ಎಣಿಸುವುದೂ ಅದೇ ಸೆನ್ಸರಿನಿಂದ. ಅದು 100 ಅಂದಾಗ ನಾನು 107 ಕಿ.ಮೀ. ಹೋಗಿರುತ್ತೇನೆ. 43ನ್ನು 15ರಿಂದ ಗುಣಿಸಿ 14ರಿಂದ ಭಾಗಿಸಿದರೆ 46. ಒಂದು ಕಿಲೋಮೀಟರ್ ಲಾಭ! ಇಷ್ಟಕ್ಕಾಗಿಯೇ ಯಾರೂ ಸ್ಪ್ರಾಕೆಟ್ ಬದಲಿಸುವುದು ಬೇಡ.

ನಷ್ಟ ಕಂಡದ್ದು ಏರಿನಲ್ಲಿ. ಎಂಜಿನ್ನಿನ ಶಕ್ತಿಯೇನೂ ಹೆಚ್ಚಿಲ್ಲವಲ್ಲ. ಸುತ್ತಿನಲ್ಲಿ ಉಳಿಸಿದ ಶೇ. 6.7ನ್ನು ಪ್ರತಿ ಗೇರಿನ ಎಳೆತದಿಂದಲೇ ಕೊಡಬೇಕು. ಒಬ್ಬನೇ ಇದ್ದಾಗ ಪರವಾಗಿರಲಿಲ್ಲ. ಡಬಲ್ಸ್‌ನಲ್ಲಿ, ಬ್ಯಾಗು ಹೇರಿಕೊಂಡು, ಎದುರುಗಾಳಿಗೆ ಏರು ಹತ್ತುವಾಗ ಐದನೇ ಗೇರಿನಲ್ಲಿ ಗಾಡಿ ಮುಕ್ಕರಿಯುತ್ತಿತ್ತು. ನಾಲ್ಕಕ್ಕೆ ಇಳಿಸಿದರೆ ಆರ್‌ಪಿಎಂ ಮೊದಲಿಗಿಂತಲೂ ಮೇಲೆ! ಯಾವುದನ್ನು ತಪ್ಪಿಸಲು ಹೊರಟಿದ್ದೆನೋ ಅದೇ. ಏರಿನಲ್ಲಿ ನಿಂತು ಹೊರಡುವಾಗ ಹಾಫ್ ಕ್ಲಚ್ ಜಾಸ್ತಿ ಹೊತ್ತು ಹಿಡಿಯಬೇಕಾಗುತ್ತಿತ್ತು. ಹಾಗೆ ಒಂದು ಸಲ ಒದ್ದಾಡುತ್ತಿದ್ದಾಗ ಹಿಂದೆ ಕೂತಿದ್ದ ಹೆಂಡತಿ, “ಏನ್ರೀ, ಸೆಕೆಂಡಲ್ಲಿ ಹೊರಡ್ತಿದ್ದೀರಾ?” ಅಂದಳು. ಫಸ್ಟಲ್ಲೇ ಇತ್ತು. ನಾನು ಏನೂ ಹೇಳಲಿಲ್ಲ.

ಮಾಡಿದ ಇನ್ನೊಂದು ತಪ್ಪು ಕಿವಿಗೇ ಕೇಳಿಸತೊಡಗಿತು. ಸವೆದ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಿದ್ದೆನಲ್ಲ. ಚೈನಿನ ಪಿನ್ನುಗಳ ಅಂತರ ಹಿಗ್ಗಿದ್ದರಿಂದ ಅದು ಹೊಸ ಹಲ್ಲಿನ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ನಾಲ್ಕು ತಿಂಗಳಿಗೆ ಕರಕರ ಶುರುವಾಗಿ, ಹಲ್ಲಿನ ಒಂದು ಮಗ್ಗುಲು ಕೊಕ್ಕೆಯಂತೆ ಬಾಗಿತು. ಪೂರ್ತಿ ಸೆಟ್ಟನ್ನೇ ಬದಲಿಸದೆ ಗತ್ಯಂತರವಿರಲಿಲ್ಲ.

ಹೇಗೂ ಎಲ್ಲ ಬದಲಿಸುವುದೇ ಆದರೆ ಹಿಂದಿನ ಹಲ್ಲನ್ನೂ ನಾನೇ ಆರಿಸಬಹುದಲ್ಲ. ಈ ಸಲ ಮುಂದೆ 14ಕ್ಕೇ ಮರಳಿ, ಹಿಂದೆ 42ರ ಬದಲು 40 ಹಾಕಿದೆ. 2.86; ಮೂಲಕ್ಕೂ ಮೊದಲ ಪ್ರಯೋಗಕ್ಕೂ ನಡುವಿನದು. ಹಿಂದಿನ ಹಲ್ಲಿನಲ್ಲಿ ಆಟ ಕಷ್ಟ, ಖರ್ಚೂ ಹೆಚ್ಚು, ಆದರೆ ಹೆಜ್ಜೆ ಸಣ್ಣದು. ಮುಂದಿನ ಒಂದೊಂದು ಹಲ್ಲೂ ದೊಡ್ಡ ಜಿಗಿತ. ಕೊಳ್ಳುವ ಮುಂಚೆ ಬೋಲ್ಟ್ ತೂತುಗಳು ಚಕ್ರದ ನಡುವಿನ ಹಬ್‌ಗೆ ಹೊಂದುತ್ತವೆಯೇ ಅಂತ ಹಳೆಯದರ ಮೇಲಿಟ್ಟು ನೋಡಿಕೊಂಡೆ. ಆಕ್ಸಲ್ ಈಗ ಮೂಲ ಜಾಗಕ್ಕಿಂತ 6 ಮಿ.ಮೀ. ಹಿಂದಿದೆ. ಡಬಲ್ಸ್‌ನಲ್ಲಿ ಹಳೆಯ ಏರುಗಳಲ್ಲಿ ಹೆಚ್ಚಿನವನ್ನು ಐದರಲ್ಲೇ ಹತ್ತುತ್ತದೆ. ಓಡೋಮೀಟರಿನ ಸಂಖ್ಯೆಯನ್ನು 1.05ರಿಂದ ಗುಣಿಸುವುದು ಪೆಟ್ರೋಲ್ ಹಾಕಿಸುವಾಗ ಬಾಯಿಪಾಠ. ಎಡಗಾಲು ಆರನೇ ಗೇರನ್ನು ಈಗಲೂ ಆಗೊಮ್ಮೆ ಈಗೊಮ್ಮೆ ಹುಡುಕುತ್ತದೆ.