ಓಣಂಗೆ ಸಪ್ಲೈಯರ್ ಕಳಿಸಿದ ಬಾಕ್ಸನ್ನು ಎಂತ ಮಾಡುದು?

ಓಣಂ ಬರುವ ಸೋಣ ತಿಂಗಳು ಬಂತು ಅಂದ್ರೆ ಕಾಸರಗೋಡಿನ ಬದಿಯಡ್ಕ, ಉಪ್ಪಳ, ಸೀತಾಂಗೋಳಿ ಈ ಕಡೆಯ ಅಂಗಡಿ, ಸೊಸೈಟಿ, ಅಡಿಕೆ ಹಾಳೆತಟ್ಟೆ ಯೂನಿಟ್‌ಗಳಿಗೆಲ್ಲ ಬಾಕ್ಸ್ ಬರ್ಲಿಕ್ಕೆ ಶುರು. ನೇಂದ್ರ ಚಿಪ್ಸ್, ಹಲ್ವ, ಕಸವಿನ ಮುಂಡು, ಕೆಲವು ಬಾಕ್ಸಿನ ಅಡಿಯಲ್ಲಿ ಒಂದು ಕವರ್ ಕೂಡ. ಅದು ಮುಗಿದು ಸ್ವಲ್ಪ ದಿನ ಆಗುವಾಗ ದೀಪಾವಳಿ, ಆಗ ಮಂಗಳೂರಿನ ಪಾರ್ಟಿಗಳದ್ದು. ಗಡಿಯಲ್ಲಿರುವ ನಮಗೆ ವರ್ಷಕ್ಕೆ ಎರಡು ಸೀಸನ್. ಪರ್ಚೇಸ್ ನೋಡ್ಕೊಳ್ಳುವವರಿಗೆ ತಲೆಬಿಸಿ ಆಗುದೂ ಆಗಲೇ, ಯಾಕಂದ್ರೆ ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸದ ಊರು ನಮ್ದು, ಅವರು ಪ್ರೀತಿಯಲ್ಲಿ ತಂದದ್ದನ್ನು ಬೇಡ ಅಂತ ಹೇಳ್ಲಿಕ್ಕೆ ಬಾಯಿ ಬರುದಿಲ್ಲ.

ನಾನು ಸ್ಟೋರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ರು ಸಪ್ಲೈಯರ್ ನಾನಿಲ್ಲದಾಗ ಮನೆಗೇ ಮಿಕ್ಸಿ ಕಳಿಸಿದ್ರು, ಅಮ್ಮ ತೆಗೆದಿಟ್ಟು ಚಟ್ನಿ ಅರೆದೂ ಆಗಿತ್ತು. ಮತ್ತಿನ ಮೇ ತಿಂಗಳಲ್ಲಿ ಅವರದ್ದೇ ಮೈಲುತುತ್ತಿನ (ಕಾಪರ್ ಸಲ್ಫೇಟ್) ಲೋಡ್ ಬಂತು, ತೂಗಿ ನೋಡಿದ್ರೆ ಚೀಲಕ್ಕೆ ಒಂದೂವರೆ ಕಿಲೋ ಕಮ್ಮಿ. ಫೋನ್ ಕೈಯಲ್ಲಿ ಹಿಡ್ಕೊಂಡು ಕೂತೆ, ಮಾತೇ ಹೊರಡ್ಲಿಲ್ಲ. ಬೋರ್ಡೋ ಮದ್ದಿಗೆ 100 ಲೀಟರ್ ನೀರಿಗೆ 1 ಕಿಲೋ ತುತ್ತು, 1 ಕಿಲೋ ಸುಣ್ಣ ಅಂತ ಲೆಕ್ಕ ಹಾಕಿ ಮಳೆಗೆ ಮೊದಲು ಅಡಿಕೆಗೆ ಹೊಡಿಲಿಕ್ಕೆ ಕಾಯ್ತಾ ಇದ್ದ ಕೃಷಿಕರಿಗೆ ಆ ಚೀಲ ಹೋಗುದು, ಕೊಳೆರೋಗ ಬಂದ್ರೆ ಕಾಯಿ ಉದುರುದು ಅವರ ತೋಟದಲ್ಲಿ. ಮಿಕ್ಸಿ ಮಾತ್ರ ನಮ್ಮ ಅಡುಗೆಮನೆಯಲ್ಲಿ. ಆಮೇಲೆ ನಾನು ಮಾಡಿದ್ದು ಇಷ್ಟು: ಮಿಕ್ಸಿಯ ರೇಟ್ ಅಂಗಡಿಯಲ್ಲಿ ಕೇಳಿ ಅಷ್ಟಕ್ಕೆ ಚೆಕ್ ಬರೆದು ರಶೀದಿ ತಗೊಂಡೆ, ಓನರಿಗೆ ಎಲ್ಲ ಹೇಳಿದೆ, ಮತ್ತೆಯೇ ತೂಕದ ವಿಷಯ ಎತ್ತಿದೆ. ತಗೊಂಡು ಬಳಸಿ ಆಗಿದ್ರೆ ನೀವೂ ಇದನ್ನೇ ಮಾಡಿ, ತಡ ಆಯ್ತು ಅಂತ ಬಿಡ್ಬೇಡಿ.

ಆದ್ರೆ ಅಲ್ಲಿವರೆಗೆ ಹೋಗದ ಹಾಗೆ ನೋಡ್ಕೊಳ್ಳುದು ಸುಲಭ. ಹಬ್ಬಕ್ಕೆ ಒಂದು ತಿಂಗಳು ಇರುವಾಗಲೇ ಎಲ್ಲ ಸಪ್ಲೈಯರಿಗೂ ಒಂದು ಲೆಟರ್ ಹೋಗ್ಲಿ, ಕನ್ನಡದಲ್ಲೂ ಮಲಯಾಳದಲ್ಲೂ. "ಹಬ್ಬದ ಶುಭಾಶಯ. ನಮ್ಮಲ್ಲಿ ಯಾರಿಗೂ ಉಡುಗೊರೆ ಕಳಿಸ್ಬೇಡಿ, ಮನೆಗಂತೂ ಬೇಡವೇ ಬೇಡ. ನಿಮ್ಮ ಬಿಲ್ ಟೈಮಿಗೆ ಪಾಸ್ ಆಗ್ತದೆ." ಇಷ್ಟೇ ಸಾಕು, ಕೊನೆಯ ಸಾಲು ಬಿಡ್ಬೇಡಿ, ಎಷ್ಟೋ ಜನ ಬಾಕ್ಸ್ ಕೊಡುದು ಬಿಲ್ ನಿಲ್ತದೆ ಅನ್ನುವ ಹೆದರಿಕೆಯಲ್ಲಿ. ಸಹಿ ಓನರದ್ದೇ ಇರ್ಲಿ, ಆಗ ಬೇಡ ಅಂದದ್ದು ನೀವಲ್ಲ, ಕಂಪನಿಯ ರೂಲ್.

ಅಷ್ಟು ಹೇಳಿದ್ರೂ ಬರ್ತದೆ. ಕ್ಯಾಲೆಂಡರ್, ಡೈರಿ, ಒಂದು ಪ್ಯಾಕೆಟ್ ಹಲ್ವ ಬಂದ್ರೆ ಆಫೀಸಲ್ಲೇ ಒಡೆದು ಲೋಡಿಂಗಿನವರಿಂದ ಹಿಡಿದು ಎಲ್ಲರಿಗೂ ಹಂಚಿ. ಕ್ಯಾಶ್, ಗಿಫ್ಟ್ ಕಾರ್ಡ್, ಚಿನ್ನದ ನಾಣ್ಯ, ಫೋನಿಗೆ ಹಾಕಿದ ದುಡ್ಡು ಇದೆಲ್ಲ ಎಷ್ಟು ಸಣ್ಣದಾದ್ರೂ ವಾಪಸ್. ಕೊಟೇಶನ್ ಕೇಳಿ ಇನ್ನೂ ತೀರ್ಮಾನ ಆಗದ ದಿನಗಳಲ್ಲಿ ಚಿಪ್ಸ್ ಕೂಡ ಬೇಡ. ನಡುವಿನದ್ದಕ್ಕೆ ಎಷ್ಟು ರೂಪಾಯಿವರೆಗೆ ಆಗ್ಬಹುದು ಅಂತ ಓನರ್ ಬರೆದು ಕೊಡ್ಲಿ.

ಒಂದು ನೂರು ಪೇಜಿನ ಪುಸ್ತಕ ತಗೊಳ್ಳಿ: ತಾರೀಕು, ಯಾರು, ಎಂತ, ಅಂದಾಜು ಬೆಲೆ, ಎಂತ ಮಾಡಿದ್ದು. ವಾಪಸ್ ಕೊಟ್ಟದ್ದನ್ನೂ ಬರೀಬೇಕು. ವಾಪಸ್ ಕೊಡುವಾಗ ಅವರ ಡೆಲಿವರಿ ಗಾಡಿಯಲ್ಲೇ ಕಳಿಸಿ ಸಹಿ ಹಾಕಿಸಿ, ಅದಕ್ಕೆ ಮೊದಲು ನೀವೇ ಫೋನ್ ಮಾಡಿ: "ಅಣ್ಣ, ಬೇಜಾರ್ ಮಾಡ್ಬೇಡಿ, ನೆನಪಿಟ್ಟದ್ದೇ ದೊಡ್ಡದು, ಇದನ್ನು ಇಟ್ಕೊಂಡ್ರೆ ನಾಳೆ ನಿಮ್ಮ ರೇಟ್ ಒಳ್ಳೇದಿದ್ರೂ ನಾನು ನಿಮ್ಮ ಪರ ಮಾತಾಡುವ ಹಾಗಿಲ್ಲ." ಇದು ಸತ್ಯದ ಮಾತು, ಹಾಗಾಗಿ ತಾಗ್ತದೆ.

ಊಟದ ವಿಷಯ: ಚಾ ಕುಡೀರಿ, ಫ್ಯಾಕ್ಟರಿ ನೋಡ್ಲಿಕ್ಕೆ ಹೋದಲ್ಲಿ ಮಧ್ಯಾಹ್ನದ ಊಟವೂ ಆಗ್ಬಹುದು, ಮತ್ತಿನ ಸರ್ತಿ ಬಿಲ್ ನಿಮ್ಮ ಕಡೆಯಿಂದ. ಬೇಕಲದ ರಿಸಾರ್ಟಲ್ಲಿ ಫ್ಯಾಮಿಲಿ ಸಮೇತ ಎರಡು ದಿನ ಅಂದ್ರೆ ಬೇಡ. ಡೀಲರ್ ಸ್ಕೀಮಿನ ಟ್ರಿಪ್, ಫ್ರಿಡ್ಜ್ ಇದ್ರೆ ಅಂಗಡಿಯ ಲೆಕ್ಕಕ್ಕೆ ಬರ್ಬೇಕು. 2022 ಜುಲೈ 1ರಿಂದ ವ್ಯಾಪಾರದ ಸಂಬಂಧದಲ್ಲಿ ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಲಾಭಕ್ಕೆ ಕೊಡುವವರು ಶೇ. 10 ಟಿಡಿಎಸ್ (ಮೊದಲೇ ಹಿಡಿದು ಕಟ್ಟುವ ಆದಾಯ ತೆರಿಗೆ) ಕಟ್ಟುವ ನಿಯಮ ಬಂದಿದೆ, ಸಣ್ಣ ಟರ್ನೋವರಿನವರಿಗೆ ವಿನಾಯ್ತಿ ಉಂಟು, ನಿಮ್ಮ ಆಡಿಟರಲ್ಲಿ ಕೇಳಿ.

ನಮ್ಮಲ್ಲಿ ಇನ್ನೊಂದು ಕಷ್ಟ, ಸಪ್ಲೈಯರೇ ಭಾವ ಆಗಿರ್ತಾರೆ, ಇಲ್ಲದಿದ್ರೆ ದೊಡ್ಡಮ್ಮನ ಮಗ. ಅವರಲ್ಲಿ ತಗೊಳ್ಬಾರ್ದು ಅಂತ ಇಲ್ಲ. ಸಂಬಂಧ ಉಂಟು ಅಂತ ಓನರಿಗೆ ಬರೆದು ಕೊಡಿ, ಮೂರು ಕಡೆ ಕೊಟೇಶನ್ ತರಿಸಿ, ಕವರ್ ಒಡೆಯುವಾಗ ನೀವು ಅಲ್ಲಿ ಕೂರ್ಬೇಡಿ. ಭಾವನ ಮನೆಯ ಮದುವೆಗೆ ಹೋಗಿ ಊಟ ಮಾಡಿ ಬನ್ನಿ, ಅದನ್ನು ಪುಸ್ತಕಕ್ಕೆ ಹತ್ತಿಸ್ಬೇಕಾಗಿಲ್ಲ.

ಸೊಸೈಟಿಯವರು ಮಾತ್ರ ಹೆಚ್ಚು ಜಾಗ್ರತೆ ಮಾಡ್ಬೇಕು. ಸರ್ಕಾರದ ಧನಸಹಾಯ ಪಡೆದ ಕೃಷಿ, ವ್ಯಾಪಾರ, ಬ್ಯಾಂಕಿಂಗಿನ ಸಹಕಾರಿ ಸಂಘದ ಅಧ್ಯಕ್ಷರು, ಸೆಕ್ರೆಟರಿ, ಪದಾಧಿಕಾರಿಗಳು 1988ರ ಭ್ರಷ್ಟಾಚಾರ ತಡೆ ಕಾಯ್ದೆ ಪ್ರಕಾರ ಸರ್ಕಾರಿ ನೌಕರರ ಸಾಲಿಗೇ ಬರ್ತಾರೆ. 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವರಿಗೂ 7 ವರ್ಷದವರೆಗೆ ಜೈಲು ಆಗ್ಬಹುದು, ಒತ್ತಾಯಕ್ಕೆ ಕೊಟ್ಟದ್ದಾದ್ರೆ 7 ದಿನದೊಳಗೆ ದೂರು ಕೊಡ್ಬೇಕು. ಕೇರಳ ವಿಜಿಲೆನ್ಸಿನ ಟೋಲ್ ಫ್ರೀ ನಂಬರ್ 1064.

ಇನ್ನು ನಿಮ್ಮ ಕಂಪನಿಯಿಂದ ಹೊರಗೆ ಹೋಗುವ ಬಾಕ್ಸ್. ಲೆಟರ್ ಕಳಿಸಿದವರು ನಾವೇ ಆದ್ಮೇಲೆ ಪಂಚಾಯತ್ ಆಫೀಸಿಗೋ ಬ್ಯಾಂಕ್ ಮ್ಯಾನೇಜರ್ ಮನೆಗೋ ನಾವು ಕಳಿಸುದು ಸರಿಯಾಗುದಿಲ್ಲ. ಆ ದುಡ್ಡಲ್ಲಿ ಓಣಂಗೆ ಮೊದಲು ಸಣ್ಣ ಸಪ್ಲೈಯರ್‌ಗಳ, ಹಾಳೆ ತಂದು ಹಾಕುವವರ ಬಾಕಿ ಚುಕ್ತಾ ಮಾಡಿ.